ಗಾಡಿ ಚಾಲೂ ಆಗವಲ್ದೇನ್ರಿ? ಮೊದಲು ಕಿಡಿ ಹುಡುಕಿ

ನಮ್ಮ ಮನೆಯಲ್ಲಿ 1974ರ ಒಂದು ಪೆಟ್ರೋಲ್ ಅಂಬಾಸಿಡರ್ ಇದೆ, ಮಾರ್ಕ್ ಟೂ. 1988ರಲ್ಲಿ ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಸೇಡಂ ತಾಲೂಕಿನ ಎಂಟೆಕರೆ ಮಳೆಯಾಶ್ರಿತ ಜಮೀನಿನವರಿಗೆ ಕಾರು ಯಾಕೆ ಅಂತ ಊರವರು ನಕ್ಕಿದ್ದರಂತೆ. ಬೀಜ, ಗೊಬ್ಬರ, ಬೀಗರು, ಬಾಣಂತಿಯರು ಎಲ್ಲ ಅದರಲ್ಲೇ ಓಡಾಡಿದ ಮೇಲೆ ನಗು ನಿಂತಿತು.

2022ರ ಮಳೆಗಾಲದಲ್ಲಿ ಈ ಕಾರು ನನ್ನನ್ನು ಅಳಿಸಿತು. ಅವ್ವನಿಗೆ ವಾರಕ್ಕೆ ಎರಡು ಸಲ ಕಲಬುರಗಿಯಲ್ಲಿ ಡಯಾಲಿಸಿಸ್. ಒಂದು ಬೆಳಗ್ಗೆ ಮಳಖೇಡ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಗಾಡಿ ದೀಪ ಆರಿದ ಹಾಗೆ ನಿಂತುಬಿಟ್ಟಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ. ಅವ್ವ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಒಂದು ಕಲ್ಲಿನ ಮೇಲೆ ಕುಂತಳು. ನಾನು ಬಾನೆಟ್ ಎತ್ತಿ ನೋಡಿದೆ. ನೋಡಿದೆ ಅಷ್ಟೇ, ಏನನ್ನು ನೋಡಬೇಕು ಅಂತ ಗೊತ್ತಿರಲಿಲ್ಲ. ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಾಗ ಅವ್ವನ ಪಾಳಿ ಬೇರೆಯವರಿಗೆ ಹೋಗಿತ್ತು. ಸಂಜೆಯತನಕ ಕಾದು ಕೂತೆವು. ಆ ದಿನ ಅವಳ ಕಾಲು ಬಾತುಕೊಂಡದ್ದು ಇನ್ನೂ ಕಣ್ಣಮುಂದೆ ಇದೆ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಪೇಟೆಯ ಒಂದು ಗ್ಯಾರೇಜಿಗೆ ತಂದೆವು. ಹೊಸ ಪ್ಲಗ್ ಹಾಕಿದರು, ಚಾಲೂ ಆಯಿತು. ಮೂರನೇ ದಿನ ಮತ್ತೆ ನಿಂತಿತು. ಕಾಯಿಲ್ ಬದಲಿಸಿದರು, ಚಾಲೂ ಆಯಿತು, ಮತ್ತೆ ನಿಂತಿತು. ಆಮೇಲೆ ಬ್ಯಾಟರಿ, ಆಮೇಲೆ ಪಾಯಿಂಟು ಕಂಡೆನ್ಸರು. ಒಂಬತ್ತು ಸಾವಿರದ ಮೇಲೆ ಖರ್ಚಾಯಿತು. ಅಣ್ಣ ಹೇಳಿಯೇಬಿಟ್ಟ: "ಇದನ್ನ ಗುಜರಿಗಿ ಹಾಕು. ಅವ್ವನ ಜೀವದ ಜೊತಿ ಆಟ ಆಡಬ್ಯಾಡ."

ಗುಜರಿಗೆ ಹಾಕುವ ಮುಂಚೆ ಒಬ್ಬರಿಗೆ ತೋರಿಸೋಣ ಅಂತ ವಾಡಿಯಿಂದ ಒಬ್ಬ ಹಿರಿಯರನ್ನು ಕರೆದುಕೊಂಡು ಬಂದೆ. ಸಿಮೆಂಟ್ ಕಾರ್ಖಾನೆಯಲ್ಲಿ ಇಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ಕೈಯಲ್ಲಿ ತಂತಿ ಕಟ್ಟಿದ ಒಂದು ಸಣ್ಣ ಬಲ್ಬು ಬಿಟ್ಟರೆ ಬೇರೆ ಸಾಮಾನು ಇರಲಿಲ್ಲ. "ತಮ್ಮಾ, ಹೊಸಾ ಸಾಮಾನು ಹಾಕೋದು ರಿಪೇರಿ ಅಲ್ಲ. ಕರೆಂಟ್ ಎಲ್ಲಿತನಕ ಬಂದದ, ಎಲ್ಲಿ ನಿಂತದ, ಅಷ್ಟು ಹೇಳು ನನಗ" ಅಂದರು. ಇಪ್ಪತ್ತು ನಿಮಿಷದಲ್ಲಿ ದೋಷ ಸಿಕ್ಕಿತು. ಅದು ಏನಂತ ಮುಂದೆ ಅದರ ಜಾಗ ಬಂದಾಗ ಹೇಳುತ್ತೇನೆ. ಅವರಿಂದ ಕಲಿತದ್ದು, ಆಮೇಲೆ ನಾನೇ ನಾಲ್ಕಾರು ಗಾಡಿಗಳ ಮೇಲೆ ಮಾಡಿ ನೋಡಿದ್ದು, ಇಲ್ಲಿ ಬರೆದಿದ್ದೇನೆ. ಹಳೇ ಅಂಬಾಸಿಡರ್, ಪದ್ಮಿನಿ, ಪೆಟ್ರೋಲ್ ಜೀಪು ಎಲ್ಲಕ್ಕೂ ಇದು ಹೊಂದುತ್ತದೆ. ಕಾರಿಲ್ಲದವರು ಓದುವುದನ್ನು ಬಿಡಬೇಡಿ. ಹೊಲದ ಸೀಮೆಎಣ್ಣೆ ಇಂಜಿನ್ನಿನೊಳಗೂ ಇದೇ ಪಾಯಿಂಟು, ಇದೇ ಕಂಡೆನ್ಸರು. ಡೀಸೆಲ್ ಗಾಡಿಗೆ ಮಾತ್ರ ಈ ಪಾಠವಿಲ್ಲ, ಅದಕ್ಕೆ ಕಿಡಿಯೇ ಬೇಡ.

ಕಿಡಿ ಹುಟ್ಟೋದು ಹೆಂಗ?

ಬ್ಯಾಟರಿಯ 12 ವೋಲ್ಟಿಗೆ ಪ್ಲಗ್ಗಿನ ಸಂದಿ ಹಾರುವ ಶಕ್ತಿ ಇಲ್ಲ. ಅದಕ್ಕೆ ಹತ್ತು ಸಾವಿರ ವೋಲ್ಟಿನ ಆಸುಪಾಸು ಬೇಕು. ಇದನ್ನು ಮಾಡುವುದು ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿ ಇವೆ, ಒಂದು ದಪ್ಪ ತಂತಿಯದ್ದು, ಕಡಿಮೆ ಸುತ್ತು. ಇನ್ನೊಂದು ಕೂದಲಿನಂಥ ತಂತಿಯದ್ದು, ಸಾವಿರಾರು ಸುತ್ತು. ಪಾಯಿಂಟ್ ಕೂಡಿದಾಗ ದಪ್ಪ ಸುರುಳಿಯಲ್ಲಿ ಕರೆಂಟ್ ಹರಿದು ತಿರುಳು ಅಯಸ್ಕಾಂತವಾಗುತ್ತದೆ. ಪಾಯಿಂಟ್ ಬಿಟ್ಟ ಕ್ಷಣ ಕರೆಂಟ್ ಕಡಿದು, ಆ ಅಯಸ್ಕಾಂತ ಒಮ್ಮೆಲೇ ಇಳಿಯುತ್ತದೆ. ಆಗ ಸಣ್ಣ ತಂತಿಯ ಸುರುಳಿಯಲ್ಲಿ ದೊಡ್ಡ ವೋಲ್ಟೇಜ್ ಏಳುತ್ತದೆ. ಪೈಪಿನಲ್ಲಿ ಓಡುವ ನೀರನ್ನು ವಾಲ್ವ್ ತಿರುವಿ ಒಮ್ಮೆಲೇ ತಡೆದರೆ ಪೈಪು ಧಡ್ ಅಂತ ಒದೆಯುತ್ತದಲ್ಲ, ಹಾಗೇ ಇದು. ಕಿಡಿ ಹುಟ್ಟುವುದು ಪಾಯಿಂಟ್ ಕೂಡಿದಾಗಲ್ಲ, ಬಿಟ್ಟಾಗ. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದು ಸಲೀಸು.

ಕಡಿತ ಚೊಕ್ಕಟವಾಗಿರಬೇಕು. ವಾಲ್ವನ್ನು ನಿಧಾನ ತಿರುವಿದರೆ ಪೈಪು ಒದೆಯುವುದಿಲ್ಲ. ಪಾಯಿಂಟಿನ ನಡುವೆಯೇ ಕಿಡಿ ಎಳೆದರೆ ಕಾಯಿಲಿನ ಕಿಡಿ ಸೊರಗುತ್ತದೆ. ಅದನ್ನು ತಡೆಯಲಿಕ್ಕೆ ಪಾಯಿಂಟಿನ ಪಕ್ಕದಲ್ಲಿ ಕಂಡೆನ್ಸರ್ ಇದೆ. ಹುಟ್ಟಿದ ಕಿಡಿಯನ್ನು ಡಿಸ್ಟ್ರಿಬ್ಯೂಟರಿನ ರೋಟರ್ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿಗೆ ಸೆಕೆಂಡಿಗೆ ನೂರು ಕಿಡಿ ಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ರೂಪಿಸಿದ ಈ ಏರ್ಪಾಡು ನಮ್ಮ ಅಂಬಾಸಿಡರಿನ ತನಕ ಹೆಚ್ಚು ಬದಲಾಗದೆ ಬಂತು. ಒಳಗೆ ಕಂಪ್ಯೂಟರ್ ಇಲ್ಲ. ಅದಕ್ಕೇ ನಮ್ಮಂಥವರು ಕೈಹಾಕಬಹುದು.

ಪೆಟ್ರೋಲೋ, ಕಿಡಿಯೋ?

ಮೊದಲ ಪ್ರಶ್ನೆ ಇದು. ಹತ್ತು ಸೆಕೆಂಡು ಸೆಲ್ಫ್ ಹೊಡೆದು ಒಂದು ಪ್ಲಗ್ ಬಿಚ್ಚಿ. ತುದಿ ಹಸಿಯಾಗಿ ಪೆಟ್ರೋಲ್ ವಾಸನೆ ಬಂದರೆ ಎಣ್ಣೆ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಎಣ್ಣೆಯ ಕಡೆ ಹೋಗಿ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸಿರುತ್ತಾರೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ರಾಶಿ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಹಳೇ ಪೆಟ್ರೋಲನ್ನು ನಂಬಬೇಡಿ.

ಬ್ಯಾಟರಿಯನ್ನೂ ಇಲ್ಲೇ ನೋಡಿಬಿಡಿ. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ದೀಪ ಸ್ವಲ್ಪ ಮಂಕಾದರೆ ಚಿಂತೆ ಇಲ್ಲ, ಪೂರಾ ಸತ್ತರೆ ಬ್ಯಾಟರಿ ಅಥವಾ ಅದರ ತುದಿ ಕೆಟ್ಟಿದೆ. ಎಷ್ಟೋ ಸಲ ಬ್ಯಾಟರಿ ಸರಿ ಇರುತ್ತದೆ, ಟರ್ಮಿನಲ್ಲಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಬಿಸಿ ನೀರು ಹಾಕಿ ತೊಳೆದು, ಕೆರೆದು, ಬಿಗಿ ಮಾಡಿ. ಬಾಡಿಗೆ ಬಿಗಿದ ಅರ್ಥ್ ಪಟ್ಟಿಯನ್ನು ಮರೆಯಬೇಡಿ, ಅದನ್ನು ಯಾರೂ ನೋಡುವುದಿಲ್ಲ. ಬ್ಯಾಟರಿ ಇಳಿದಿದ್ದರೆ ಸೆಲ್ಫ್ ಎಲ್ಲ ಕರೆಂಟ್ ತಿಂದು ಕಾಯಿಲಿಗೆ ಏನೂ ಉಳಿಸುವುದಿಲ್ಲ. ಅಂಥ ಹೊತ್ತಲ್ಲಿ ಹ್ಯಾಂಡಲ್ ಹಾಕಿ ತಿರುವಿದರೆ ಚಾಲೂ ಆಗುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಹೆಬ್ಬೆರಳು ಹ್ಯಾಂಡಲ್ ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಕಡೆಯೇ ಇರಲಿ. ಇಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ.

ನಡುವಿನ ವೈರಿನ ಪರೀಕ್ಷೆ

ಡಿಸ್ಟ್ರಿಬ್ಯೂಟರ್ ಮುಚ್ಚಳದ ನಟ್ಟನಡುವೆ ಕಾಯಿಲಿನಿಂದ ಬರುವ ದಪ್ಪ ವೈರು ಇರುತ್ತದೆ. ಅದನ್ನು ಮುಚ್ಚಳದಿಂದ ಕಿತ್ತು, ತುದಿಯನ್ನು ಇಂಜಿನ್ ಕಬ್ಬಿಣದಿಂದ ಆರು ಮಿಲಿಮೀಟರ್ ದೂರ ಹಿಡಿಯಿರಿ. ಬರಿಗೈಲಿ ಅಲ್ಲ, ಪ್ಲಾಸ್ಟಿಕ್ ಹಿಡಿಯ ಪಕ್ಕಡದಲ್ಲಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಬರಲೇಬಾರದು. ಸುತ್ತ ಪೆಟ್ರೋಲ್ ಚೆಲ್ಲಿದ್ದರೆ ಒರೆಸಿ, ಆರಿದ ಮೇಲೆ ಮಾಡಿ. ಬೀಡಿ ಸೇದುವವರನ್ನು ದೂರ ನಿಲ್ಲಿಸಿ.

ಕೀ ಹಾಕಿ ಒಬ್ಬರು ಸೆಲ್ಫ್ ಹೊಡೆಯಲಿ. ಚಟ್ ಚಟ್ ಅಂತ ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಸರಿ. ತಪ್ಪು ಮುಂದೆ, ಮುಚ್ಚಳ, ರೋಟರ್, ಪ್ಲಗ್ ವೈರು, ಪ್ಲಗ್ಗಿನಲ್ಲಿದೆ. ಕಿಡಿ ಇಲ್ಲ ಅಂದರೆ ತಪ್ಪು ಹಿಂದೆ. ಹಳದಿಯಾಗಿ ಸೊರಗಿದ ಕಿಡಿ ಬಂದರೆ ಕಂಡೆನ್ಸರ್, ಪಾಯಿಂಟ್ ಅಥವಾ ಕಾಯಿಲಿನ ಮೇಲೆ ಸಂಶಯ ಇಡಿ. ಒಂದೇ ಪರೀಕ್ಷೆಗೆ ಅರ್ಧ ಗಾಡಿ ನಿರಪರಾಧಿ ಅಂತ ತೀರ್ಮಾನವಾಯಿತು ನೋಡಿ. ನನ್ನ ಒಂಬತ್ತು ಸಾವಿರ ಹೋದದ್ದು ಈ ಒಂದು ಪರೀಕ್ಷೆ ಯಾರೂ ಮಾಡದ್ದಕ್ಕೆ.

ಬಲ್ಬು ಹೇಳುವ ಮಾತು

ಕಿಡಿ ಇಲ್ಲದಿದ್ದರೆ ಬಲ್ಬು ತೆಗೆಯಿರಿ. 12 ವೋಲ್ಟಿನ, ಐದು ವಾಟಿನ ಸಣ್ಣ ಬಲ್ಬಿಗೆ ಎರಡು ವೈರು ಬೆಸೆದರೆ ಸಾಕು. ಒಂದು ತುದಿ ಇಂಜಿನ್ ಕಬ್ಬಿಣಕ್ಕೆ, ಇನ್ನೊಂದರಿಂದ ಮುಟ್ಟಿ ನೋಡುವುದು. ಕಾಯಿಲಿನ ತಲೆಯ ಮೇಲೆ ಎರಡು ಸಣ್ಣ ಟರ್ಮಿನಲ್ ಇವೆ. ಹಳೆಯ ಕಾಯಿಲಿನಲ್ಲಿ ಎಸ್‌ಡಬ್ಲ್ಯೂ, ಸಿಬಿ ಅಂತ ಬರೆದಿರುತ್ತದೆ. ಮೊದಲನೆಯದು ಕೀ ಕಡೆಯಿಂದ ಬರುವುದು, ಎರಡನೆಯದು ಪಾಯಿಂಟಿಗೆ ಹೋಗುವುದು.

ಕೀ ಹಾಕಿ ಎಸ್‌ಡಬ್ಲ್ಯೂ ಮುಟ್ಟಿ. ಬಲ್ಬು ಹತ್ತದಿದ್ದರೆ ಕಾಯಿಲಿನತನಕ ಕರೆಂಟೇ ಬಂದಿಲ್ಲ: ಕೀ ಸ್ವಿಚ್ಚು, ನಡುವಿನ ವೈರು ನೋಡಬೇಕು. ದಾರಿಯಲ್ಲಿ ಸಿಕ್ಕಿಬಿದ್ದಿದ್ದರೆ, ಬ್ಯಾಟರಿಯ ಅರ್ಥ್ ಅಲ್ಲದ ಟರ್ಮಿನಲ್ಲಿನಿಂದ ಎಸ್‌ಡಬ್ಲ್ಯೂಗೆ ನೇರ ಒಂದು ವೈರು ಕಟ್ಟಿ ಮನೆ ಮುಟ್ಟಬಹುದು. ಆಗ ಕೀ ತೆಗೆದರೂ ಇಂಜಿನ್ ನಿಲ್ಲದು, ವೈರನ್ನೇ ಕೀಳಬೇಕು.

ಇನ್ನು ಸಿಬಿ ಮುಟ್ಟಿ, ಹ್ಯಾಂಡಲಿನಿಂದ ಇಂಜಿನ್ ನಿಧಾನ ತಿರುವಿಸಿ. ಪಾಯಿಂಟ್ ಬಿಟ್ಟಾಗ ಬಲ್ಬು ಹತ್ತಬೇಕು, ಕೂಡಿದಾಗ ಆರಬೇಕು. ಹತ್ತಿ ಆರಿ ಮಾಡಿದರೆ ಈ ದಾರಿ ಸರಿ. ಒಮ್ಮೆಯೂ ಹತ್ತದಿದ್ದರೆ ಸಿಬಿಯಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರು ಬಿಚ್ಚಿ ಮತ್ತೆ ಮುಟ್ಟಿ. ಈಗ ಹತ್ತಿದರೆ ಡಿಸ್ಟ್ರಿಬ್ಯೂಟರಿನೊಳಗೆ ಎಲ್ಲೋ ಕಬ್ಬಿಣಕ್ಕೆ ತಾಗಿದೆ: ಕಂಡೆನ್ಸರ್ ಶಾರ್ಟ್ ಆಗಿರಬಹುದು, ಇಲ್ಲವೇ ಪಾಯಿಂಟ್ ಬಿಗಿಯುವಾಗ ಕೆಳಗಿನ ಪ್ಲಾಸ್ಟಿಕ್ ಬಿಲ್ಲೆ ತಪ್ಪಿ ಕೂತಿರಬಹುದು. ಈಗಲೂ ಹತ್ತದಿದ್ದರೆ ಕಾಯಿಲ್ ಒಳಗೇ ಕಡಿದಿದೆ. ಆಗ ಮಾತ್ರ ಕಾಯಿಲಿಗೆ ದುಡ್ಡು ಖರ್ಚು ಮಾಡಿ.

ನನ್ನ ಕಾರಿನಲ್ಲಿ ಬಲ್ಬು ಆರಲೇ ಇಲ್ಲ. ಪಾಯಿಂಟ್ ಕೂಡಿದಾಗಲೂ ಉರಿಯುತ್ತಲೇ ಇತ್ತು. ಅಂದರೆ ಕರೆಂಟ್ ಪಾಯಿಂಟಿನ ಮೂಲಕ ಅರ್ಥಿಗೆ ಇಳಿಯುತ್ತಿಲ್ಲ. ಸಾಮಾನ್ಯವಾಗಿ ಇದಕ್ಕೆ ಪಾಯಿಂಟಿನ ಮುಖಕ್ಕೆ ಹಿಡಿದ ಕಿಲುಬು ಕಾರಣ. ಆದರೆ ನಮ್ಮವು ಹೊಸವು. ಹಿರಿಯರು ಒಂದು ಕಡ್ಡಿ ತಗೊಂಡು ಡಿಸ್ಟ್ರಿಬ್ಯೂಟರಿನ ಪಕ್ಕದ ಟರ್ಮಿನಲ್ಲಿನಿಂದ ಒಳಗೆ ಪಾಯಿಂಟಿಗೆ ಹೋಗುವ ಮೂರಿಂಚಿನ ತಂತಿಯನ್ನು ಮೆಲ್ಲಗೆ ದೂಡಿದರು. ಬಲ್ಬು ಆರಿತು. ಬಿಟ್ಟರು, ಹತ್ತಿತು.

ತಂತಿಯ ಬಟ್ಟೆ ಕವಚ ಚೊಲೋನೇ ಇತ್ತು. ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿದ್ದವು. ಎಕ್ಸಲೇಟರ್ ಒತ್ತಿ ಬಿಟ್ಟಾಗಲೆಲ್ಲ ವ್ಯಾಕ್ಯೂಮಿನ ಎಳೆತಕ್ಕೆ ಪಾಯಿಂಟಿನ ತಳದ ತಟ್ಟೆ ಕೊಂಚ ಹೊರಳುತ್ತದೆ. ಅದರ ಜೊತೆಗೆ ಈ ತಂತಿಯೂ ಲಕ್ಷಗಟ್ಟಲೆ ಸಲ ಬಾಗಿ ಬಾಗಿ ಒಳಗೇ ಮುರಿದಿತ್ತು. ಗ್ಯಾರೇಜಿನವರು ಏನೇ ಬದಲಿಸಿದರೂ ಅದರ ಕೈ ತಾಗಿ ಎಳೆಗಳು ಮತ್ತೆ ಮುಟ್ಟಿಕೊಳ್ಳುತ್ತಿದ್ದವು, ಗಾಡಿ ಚಾಲೂ ಆಗುತ್ತಿತ್ತು. ಹೊಸ ಸಾಮಾನಿನಿಂದಲೇ ಸರಿಯಾಯಿತು ಅಂತ ಅವರೂ ನಂಬಿದರು, ನಾನೂ ನಂಬಿದೆ. ಅವರದ್ದು ಮೋಸ ಅಂತ ನಾನು ಹೇಳುವುದಿಲ್ಲ, ಊಹೆಯ ಮೇಲೆ ಕೆಲಸ ಮಾಡಿದರು ಅಷ್ಟೇ. ಸಣ್ಣ ಸಣ್ಣ ಎಳೆಗಳ ಮೆತ್ತನೆ ವೈರು ಬೆಸೆದು ಹಾಕಿದೆವು. ಮನೆಯ ಫಿಟ್ಟಿಂಗಿನ ಗಟ್ಟಿ ವೈರು ಇಲ್ಲಿ ಹಾಕಬಾರದು, ತಿಂಗಳೊಳಗೆ ಮುರಿಯುತ್ತದೆ.

ಪಾಯಿಂಟಿನ ಮಾತು ಬಂದಾಗ ಇನ್ನೆರಡು. ಬಹಳ ದಿನ ನಿಂತ ಗಾಡಿಯ ಪಾಯಿಂಟಿಗೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಒರಟು ಮರಳು ಕಾಗದ ಬೇಡ. ಮದುವೆ ಕಾರ್ಡಿನ ಒಂದು ಪಟ್ಟಿ ಕತ್ತರಿಸಿ ನಡುವೆ ಇಟ್ಟು ನಾಲ್ಕು ಸಲ ಎಳೆಯಿರಿ, ಬಹಳ ಗಾಡಿಗಳು ಅಷ್ಟಕ್ಕೇ ಎದ್ದಿವೆ. ಹೊಸ ಪಾಯಿಂಟಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಒರೆಸದೆ ಹಾಕಿದರೆ ಹೊಸದೂ ಕೆಲಸ ಮಾಡದು. ಸಂದಿ ನೋಡುವಾಗ ಪಾಯಿಂಟಿನ ಹಿಮ್ಮಡಿ ಕ್ಯಾಮಿನ ಎತ್ತರದ ಮೂಲೆಯ ಮೇಲೆ ಬರುವಷ್ಟು ಇಂಜಿನ್ ತಿರುವಿ ನಿಲ್ಲಿಸಿ. ಅಂಬಾಸಿಡರಿನ ಹಳೇ ಪೆಟ್ರೋಲ್ ಇಂಜಿನ್ನಿಗೆ 0.35ರಿಂದ 0.40 ಮಿಲಿಮೀಟರ್, ಹರಿಕೇನ್ ಇಂಜಿನ್ನಿನ ಪೆಟ್ರೋಲ್ ಜೀಪಿಗೆ 0.50. ಪ್ಲಗ್ಗಿನ ಸಂದಿ ಅಂಬಾಸಿಡರಿಗೆ ಸುಮಾರು 0.60, ಆ ಜೀಪಿಗೆ 0.75. ಒಂದು ಫೀಲರ್ ಗೇಜ್ ತಗೊಂಡು ಇಟ್ಟುಕೊಳ್ಳಿ.

ಶಹಾಬಾದಿನ ಧೂಳು, ಚಿತ್ತಾಪುರದ ಬಿಸಿಲು

ಶಹಾಬಾದಿನಲ್ಲಿ ಫರಸಿ ಕಲ್ಲಿನ ಗಣಿಯಲ್ಲಿ ಓಡಾಡುವ ನನ್ನ ಗೆಳೆಯರೊಬ್ಬರ ಹಳೇ ಪೆಟ್ರೋಲ್ ಜೀಪು ಇದೆ. ಮಳೆಗಾಲದ ಬೆಳಗ್ಗೆ ಹೊರಡುವುದಿಲ್ಲ, ಮಧ್ಯಾಹ್ನ ಬಿಸಿಲು ಬಿದ್ದರೆ ತಾನೇ ಹೊರಡುತ್ತದೆ. ನಡುವಿನ ವೈರಿನ ಕಿಡಿ ನೀಲಿಯಾಗಿ ಚೊಲೋ ಇತ್ತು. ಮುಚ್ಚಳ ತೆಗೆದರೆ ಒಳಗೆ ಬಿಳಿ ಧೂಳಿನ ಲೇಪ. ಒಣ ಧೂಳಿನಿಂದ ಅಷ್ಟು ಕಾಟವಿಲ್ಲ, ತೇವ ಕುಡಿದಾಗ ಅದರ ಮೇಲೆಯೇ ಕರೆಂಟ್ ಹರಿದುಹೋಗುತ್ತದೆ. ಹಾಗೆ ಹರಿದು ಹರಿದು ಪೆನ್ಸಿಲ್ಲಿನಿಂದ ಎಳೆದಂಥ ಕರಿ ಗೆರೆ ಮೂಡಿತ್ತು. ಗೆರೆ ಮೂಡಿದ ಮುಚ್ಚಳ ಬದಲಿಸಲೇಬೇಕು. ಧೂಳು ಮಾತ್ರ ಇದ್ದರೆ ಒಣ ಅರಿವೆಯಲ್ಲಿ ಒರೆಸಿ ಬಿಸಿಲಿಗೆ ಇಟ್ಟರೆ ಸಾಕು, ಒಲೆಯ ಮೇಲೆ ಕಾಯಿಸಬೇಡಿ. ಸಂಶಯ ಇದ್ದರೆ ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ತಿರುವಿಸಿ ನೋಡಿ. ಕರೆಂಟ್ ಸೋರುವ ಜಾಗದಲ್ಲಿ ನೀಲಿ ದಾರದ ಹಾಗೆ ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ರೋಟರ್ ಒಳಗೇ ತೂತಾಗಿ ಕಿಡಿ ನುಂಗುವುದೂ ಉಂಟು. ನಡುವಿನ ವೈರಿನ ತುದಿಯನ್ನು ರೋಟರಿನ ಹಿತ್ತಾಳೆಯ ಹತ್ತಿರ ಹಿಡಿದು ಪಾಯಿಂಟ್ ಬಿಡಿಸಿ. ಜೋರಾದ ಕಿಡಿ ಬಿಡದೆ ಹಾರುತ್ತಿದ್ದರೆ ರೋಟರ್ ಹೋಯಿತು. ಪ್ಲಗ್ ವೈರು ಕೀಳುವಾಗ ಒಂದೊಂದಕ್ಕೆ ಬೇರೆ ಬಣ್ಣದ ದಾರ ಕಟ್ಟಿ. ಅಂಬಾಸಿಡರಿಗೂ ಜೀಪಿಗೂ ಕಿಡಿಯ ಸರದಿ 1-3-4-2, ರೇಡಿಯೇಟರಿನ ಕಡೆಯದು ಒಂದನೆಯದು. ಅದಲುಬದಲಾದರೆ ಗಾಡಿ ಪಟಾಕಿ ಹಾರಿಸುತ್ತದೆಯೇ ಹೊರತು ಹೊರಡುವುದಿಲ್ಲ.

ಚಿತ್ತಾಪುರದ ನಮ್ಮ ಬೀಗರ ಪದ್ಮಿನಿಗೆ ಮೇ ತಿಂಗಳಲ್ಲೇ ರೋಗ. ಕಾದ ಮೇಲೆ ನಿಲ್ಲುವುದು, ಅರ್ಧ ತಾಸಿಗೆ ತಾನೇ ಎದ್ದೇಳುವುದು. ಇಂಥ ಗಾಡಿಯನ್ನು ತಣ್ಣಗಾದ ಮೇಲೆ ಪರೀಕ್ಷೆ ಮಾಡಿ ಉಪಯೋಗವಿಲ್ಲ, ನಿಂತ ಜಾಗದಲ್ಲೇ ಕಿಡಿ ನೋಡಬೇಕು. ಕಿಡಿ ಚೊಲೋ ಇದ್ದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದೆ, ಪಂಪಿಗೂ ಪೈಪಿಗೂ ಹಸಿ ಅರಿವೆ ಸುತ್ತಿ. ಕಿಡಿ ಇಲ್ಲದಿದ್ದರೆ ಕಾಯಿಲ್ ಇಲ್ಲವೇ ಕಂಡೆನ್ಸರ್ ಶಾಖಕ್ಕೆ ಸೋತಿದೆ. ಅವರದ್ದು ಕಾಯಿಲ್. ಮಕ್ಕಳು ಕೀ ಹಾಕಿಟ್ಟು ರೇಡಿಯೋ ಕೇಳುತ್ತಿದ್ದರಂತೆ. ಪಾಯಿಂಟ್ ಕೂಡಿದ ಸ್ಥಿತಿಯಲ್ಲಿ ಇಂಜಿನ್ ನಿಂತಿದ್ದರೆ ಕಾಯಿಲಿನಲ್ಲಿ ನಾಲ್ಕು ಆಂಪಿಯರ್ ಹರಿಯುತ್ತಲೇ ಇರುತ್ತದೆ, ಸುಡದೆ ಏನು ಮಾಡೀತು?

ಹೊಲದ ಇಂಜಿನ್ನಿಗೆ

ಚಿಂಚೋಳಿ ಕಡೆ ಮುಲ್ಲಾಮಾರಿ ದಂಡೆಯ ಮೇಲೆ ನಮ್ಮ ಭಾವನ ಹೊಲ. ಸೀಮೆಎಣ್ಣೆ ಇಂಜಿನ್ ಹೊರಡದೆ ಉಳ್ಳಾಗಡ್ಡಿ ಒಣಗುತ್ತಿತ್ತು, ಫೋನ್ ಮಾಡಿದರು. ಇದಕ್ಕೆ ಬ್ಯಾಟರಿ ಇಲ್ಲ, ತಿರುಗುವ ಫ್ಲೈವೀಲಿನ ಅಯಸ್ಕಾಂತವೇ ಕರೆಂಟ್ ಹುಟ್ಟಿಸುತ್ತದೆ. ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ನಿಗೆ ಆನಿಸಿ ಹಗ್ಗ ಎಳೆದರೆ ಕಿಡಿ ಕಾಣಬೇಕು. ಪ್ಲಗ್ಗಿನ ತೂತಿನಿಂದ ಎಣ್ಣೆ ಆವಿ ಚಿಮ್ಮುತ್ತದೆ, ಪ್ಲಗ್ಗನ್ನು ಅದರಿಂದ ದೂರ ಆನಿಸಿ. ಕಿಡಿ ಇರಲಿಲ್ಲ. ಫ್ಲೈವೀಲಿನ ಕಿಂಡಿಯಿಂದ ನೋಡಿದರೆ ಸೀಲು ಸೋರಿ ಪಾಯಿಂಟಿನ ಮುಖಕ್ಕೆ ಎಣ್ಣೆ ಬಡಿದಿತ್ತು. ಒರೆಸಿ, ಕಾರ್ಡು ಎಳೆದು, ಎರಡನೇ ಹಗ್ಗಕ್ಕೆ ಎದ್ದಿತು. ಸೀಲು ಬದಲಿಸದಿದ್ದರೆ ಹದಿನೈದು ದಿನಕ್ಕೆ ಮತ್ತೆ ಇದೇ ಕಥೆ ಅಂತ ಹೇಳಿ ಬಂದೆ. ಭಾವ ಬದಲಿಸಲಿಲ್ಲ, ಹನ್ನೆರಡನೇ ದಿನ ಮತ್ತೆ ಫೋನ್ ಬಂತು.

ಇನ್ನೊಂದು: ಈ ಇಂಜಿನ್ನನ್ನು ಪೆಟ್ರೋಲಿನಲ್ಲಿ ಎಬ್ಬಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುವಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುವಿ ಸ್ವಲ್ಪ ಓಡಿಸಿ. ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಮರುದಿನ ಪ್ಲಗ್ ತೊಯ್ದು ಕೂತಿರುತ್ತದೆ, ಆಗ ಕಿಡಿಯನ್ನು ಬೈದು ಪ್ರಯೋಜನವಿಲ್ಲ.

ನಮ್ಮ ಕಾರಿಗೆ 2024ರಲ್ಲಿ ಐವತ್ತು ತುಂಬಿತು. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ಆ ಗೌರವ ಬೇಡ. ನಮ್ಮದು ದುಡಿಯುವ ಗಾಡಿ, ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಿ ಓಡಿಸುತ್ತೇವೆ.

ಸೀಟಿನ ಕೆಳಗೆ ಒಂದು ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಚೀಲ ಇದೆ. ಅದರಲ್ಲಿ ಬಲ್ಬು, ಪಕ್ಕಡ, ಸ್ಕ್ರೂ ಡ್ರೈವರ್, ಫೀಲರ್ ಗೇಜ್, ಪ್ಲಗ್ ಪಾನಾ, ಎರಡು ಗಜ ವೈರು, ಒಣ ಅರಿವೆ, ಒಂದು ಮದುವೆ ಕಾರ್ಡು, ಮತ್ತೆ ಗ್ಯಾರೇಜಿನವರು ತೆಗೆದು ಕೈಗೆ ಕೊಟ್ಟ ನನ್ನ ಹಳೇ ಕಂಡೆನ್ಸರ್. ಅದು ಕೆಟ್ಟೇ ಇರಲಿಲ್ಲ. ಹೋದ ವರ್ಷ ಹೊಸದು ಕೈಕೊಟ್ಟಾಗ ಅದನ್ನೇ ಹಾಕಿದೆ, ಈಗಲೂ ಓಡುತ್ತಿದೆ.